ಉಪ್ಪಾಗೆ: ಸಾರಿಗೆ ಸರಿ, ಮಾತ್ರೆಗೆ ಬೇಡ

ಉಪ್ಪಾಗೆ ಮಾತ್ರೆ ನುಂಗಿದರೆ ಬೊಜ್ಜು ಕರಗುತ್ತದೆಯೇ ಎಂದು ಕೇಳುವವರು ಈಗ ಬಹಳ. ಇಲ್ಲ, ಕರಗುವುದಿಲ್ಲ. ಹಾಗಾದರೆ ಉಪ್ಪಾಗೆ ಕೆಟ್ಟದ್ದೇ? ಅದೂ ಅಲ್ಲ. ಮಲೆನಾಡಿನವರು, ಕೊಡಗಿನವರು, ಕೇರಳದವರು ತಲೆತಲಾಂತರದಿಂದ ಸಾರು, ಮೀನು, ಮಾಂಸಗಳಿಗೆ ಹಾಕಿಕೊಂಡು ಬಂದ ಹುಳಿ ಇದು. ಊಟದಲ್ಲಿ ಇದಕ್ಕಿರುವ ಜಾಗ ಭದ್ರವಾಗಿದೆ. ತೊಂದರೆ ಶುರುವಾಗುವುದು ಅದೇ ಹಣ್ಣಿನ ಸಿಪ್ಪೆಯ ಆಮ್ಲವನ್ನು ಸಾಂದ್ರಗೊಳಿಸಿ, ಗುಳಿಗೆಯಲ್ಲಿ ತುಂಬಿ, 'ನೈಸರ್ಗಿಕ' ಎಂಬ ಚೀಟಿ ಅಂಟಿಸಿ ದಿನಕ್ಕೆ ಮೂರು ಹೊತ್ತು ನುಂಗಿ ಎಂದಾಗ. ಎರಡನ್ನೂ ಒಂದೇ ಎಂದುಕೊಂಡವರು ಒಂದೋ ಒಳ್ಳೆಯ ಹುಳಿಯನ್ನು ಹೆದರಿ ಬಿಡುತ್ತಾರೆ, ಇಲ್ಲವೇ ಲಿವರ್ ಕೆಡಿಸಿಕೊಳ್ಳುತ್ತಾರೆ. ಅದಕ್ಕಾಗಿ ಈ ಬರಹ ಸ್ವಲ್ಪ ಉದ್ದವಾಗಿದೆ.

ಮೊದಲು ಹಣ್ಣಿನ ಗುರುತು. ಉಪ್ಪಾಗೆಯ ಸಸ್ಯಶಾಸ್ತ್ರೀಯ ಹೆಸರು ಗಾರ್ಸಿನಿಯ ಗಮ್ಮಿಗುಟ್ಟ. ಹಳೆಯ ಹೆಸರು ಗಾರ್ಸಿನಿಯ ಕ್ಯಾಂಬೋಜಿಯ. ಡಬ್ಬಿಗಳ ಮೇಲೆ ಇಂದಿಗೂ ಇರುವುದು ಈ ಹಳೆಯ ಹೆಸರೇ. ಕೆಲವು ಕಡೆ ಮಂತುಹುಳಿ ಎನ್ನುತ್ತಾರೆ, ಮಲಯಾಳದಲ್ಲಿ ಕುಡಂಪುಳಿ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ. ನಮ್ಮಲ್ಲಿ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡದ ಕಾಡು ಮತ್ತು ಬೆಟ್ಟಗಳಲ್ಲಿ ಸಿಗುತ್ತದೆ. ಹಣ್ಣಿನ ಮೈಮೇಲೆ ಮೇಲಿನಿಂದ ಕೆಳಗೆ ಆಳವಾದ ಗೀರುಗಳಿದ್ದು, ಆರರಿಂದ ಎಂಟು ಉಬ್ಬು ತೊಳೆಗಳಂತೆ ಕಾಣುತ್ತದೆ. ಕಾಯಿ ಹಸಿರು, ಹಣ್ಣಾದಾಗ ಹಳದಿ. ಇದರ ದಾಯಾದಿ ಮುರುಗಲು, ಅಂದರೆ ಪುನರ್ಪುಳಿ. ಅದು ದುಂಡಗೆ, ನುಣುಪಾಗಿ, ಹಣ್ಣಾದಾಗ ಕಡುಕೆಂಪು. ಶರಬತ್ತಿಗೆ ಬಣ್ಣ ಕೊಡುವುದು ಮುರುಗಲು. ಉಪ್ಪಾಗೆಯಲ್ಲಿ ಆ ಕೆಂಪು ಇಲ್ಲ. ಅಂಗಡಿಯಲ್ಲಿ ಒಣಸಿಪ್ಪೆ ಎರಡೂ ಕಪ್ಪಾಗಿ ಕಾಣುವುದರಿಂದ ಗೊಂದಲ ಸಹಜ. ಚೂರೊಂದನ್ನು ಬಿಸಿನೀರಿಗೆ ಹಾಕಿದರೆ ಗೊತ್ತಾಗುತ್ತದೆ: ಮುರುಗಲು ನೀರನ್ನು ಕೆಂಪು ಮಾಡುತ್ತದೆ, ಉಪ್ಪಾಗೆ ಕಂದು ಮಾಡುತ್ತದೆ.

ಮೈಸೂರಿನಿಂದ ಗುಳಿಗೆಯವರೆಗೆ

ಈ ಹಣ್ಣಿನ ಹುಳಿ ಯಾವುದರಿಂದ ಬರುತ್ತದೆ ಎಂಬ ವಿಷಯದಲ್ಲಿ ಬಹಳ ಕಾಲ ತಪ್ಪು ತಿಳಿವಳಿಕೆ ಇತ್ತು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲಗಳೇ ಇದರಲ್ಲೂ ಮುಖ್ಯ ಎಂದುಕೊಂಡಿದ್ದರು. ಅದನ್ನು ತಿದ್ದಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. 1965ರಲ್ಲಿ ಪ್ರಕಟವಾದ ಅವರ ಕೆಲಸದಿಂದ ಉಪ್ಪಾಗೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಸ್ಪಷ್ಟವಾಯಿತು. ಇಂದು ಡಬ್ಬಿಗಳ ಮೇಲೆ ಎಚ್‌ಸಿಎ ಎಂದು ಕಾಣುವುದು ಇದೇ. ಒಣಸಿಪ್ಪೆಯ ತೂಕದಲ್ಲಿ ಇದು ಸುಮಾರು ಶೇ. 10ರಿಂದ 30ರವರೆಗೆ ಇರುತ್ತದೆ. ಮರ, ಮಾಗಿದ ಹಂತ, ಒಣಗಿಸಿದ ರೀತಿ ಬದಲಾದಂತೆ ಪ್ರಮಾಣವೂ ಬದಲಾಗುತ್ತದೆ. ಜಗತ್ತಿನ ತೂಕ ಇಳಿಸುವ ವ್ಯಾಪಾರದ ಒಂದು ಎಳೆ ಮೈಸೂರಿನ ಪ್ರಯೋಗಶಾಲೆಯಿಂದ ಹೊರಟದ್ದು ಎಂಬುದು ಕನ್ನಡಿಗರಿಗೆ ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ನಡೆದದ್ದು ಆಹಾರ ರಸಾಯನಶಾಸ್ತ್ರ; ಬೊಜ್ಜಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಬೊಜ್ಜಿನ ಮಾತು ಬಂದದ್ದು ನಾಲ್ಕು ವರ್ಷದ ನಂತರ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಈ ಆಮ್ಲ ಒಂದು ಕಿಣ್ವವನ್ನು ತಡೆಯುತ್ತದೆ ಎಂದು ತೋರಿಸಿದರು. ನಾವು ತಿಂದ ಅನ್ನ, ಸಕ್ಕರೆ ಹೆಚ್ಚಾದಾಗ ಜೀವಕೋಶ ಅದನ್ನು ಕೊಬ್ಬಾಗಿ ಮಾರ್ಪಡಿಸುವ ಹಾದಿಯಲ್ಲಿ ಸಿಟ್ರೇಟನ್ನು ಒಡೆಯುವ ಕಿಣ್ವ ಅದು. ಅದನ್ನು ತಡೆದರೆ ಕೊಬ್ಬು ತಯಾರಾಗುವುದು ಕಡಿಮೆಯಾಗಬೇಕು. 1970ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಹಾಗೆಯೇ ಆಯಿತು, ಇಲಿಗಳು ತಿನ್ನುವುದೂ ಕಡಿಮೆಯಾಯಿತು.

ಇಲಿಯಲ್ಲಿ ಆದದ್ದು ಮನುಷ್ಯನಲ್ಲಿ ಏಕೆ ಆಗಲಿಲ್ಲ? ಆ ಇಲಿಗಳಿಗೆ ಕೊಟ್ಟದ್ದು ಸಕ್ಕರೆ, ಪಿಷ್ಟ ತುಂಬಿದ, ಕೊಬ್ಬು ಕಡಿಮೆ ಇರುವ ಆಹಾರ. ಅಂಥ ಸ್ಥಿತಿಯಲ್ಲಿ ದೇಹದ ಹೊಸ ಕೊಬ್ಬು ಪಿಷ್ಟದಿಂದಲೇ ತಯಾರಾಗಬೇಕು, ಕಿಣ್ವ ತಡೆದರೆ ಪರಿಣಾಮ ಎದ್ದು ಕಾಣುತ್ತದೆ. ಎಣ್ಣೆ, ತುಪ್ಪ, ಕಾಯಿ ಹಾಕಿದ ಅಡುಗೆ ಉಣ್ಣುವ ಮನುಷ್ಯನ ಮೈಯಲ್ಲಿ ಸೇರುವ ಕೊಬ್ಬು ಬಹುಪಾಲು ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು. ಪಿಷ್ಟದಿಂದ ಹೊಸದಾಗಿ ತಯಾರಾಗುವ ಪಾಲು ಚಿಕ್ಕದು. ಆ ಚಿಕ್ಕ ಪಾಲಿನಲ್ಲಿ ಒಂದಿಷ್ಟನ್ನು ತಡೆದು ಸೊಂಟದ ಸುತ್ತಳತೆ ಇಳಿಸಲು ಸಾಧ್ಯವಿಲ್ಲ. ಇನ್ನೊಂದು ಸಂಗತಿ: ಒಣಗಿಸುವಾಗ, ಕುದಿಸುವಾಗ ಈ ಆಮ್ಲದ ಒಂದು ಭಾಗ ಲ್ಯಾಕ್ಟೋನ್ ರೂಪಕ್ಕೆ ತಿರುಗುತ್ತದೆ. ಆ ರೂಪಕ್ಕೆ ಕಿಣ್ವ ತಡೆಯುವ ಶಕ್ತಿ ಕಡಿಮೆ. ಅದಕ್ಕಾಗಿಯೇ ಕಂಪನಿಗಳು ಕ್ಯಾಲ್ಸಿಯಂ, ಪೊಟ್ಯಾಸಿಯಂ ಲವಣವಾಗಿ ಕಟ್ಟಿಹಾಕಿ ಮಾರುತ್ತವೆ.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಮೊದಲು ನೋಡಬೇಕಾದದ್ದು 1998ರದ್ದು. ನ್ಯೂಯಾರ್ಕ್‌ನಲ್ಲಿ ಹೇಮ್ಸ್‌ಫೀಲ್ಡ್ ತಂಡ 135 ಜನ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 1500 ಮಿ.ಗ್ರಾಂ ಎಚ್‌ಸಿಎ, ಇನ್ನೊಂದಕ್ಕೆ ಅದೇ ರೂಪದ ಖಾಲಿ ಮಾತ್ರೆ ಕೊಟ್ಟು, ಎರಡೂ ಗುಂಪಿಗೆ ಒಂದೇ ಪಥ್ಯ ಹೇಳಿ 12 ವಾರ ನೋಡಿತು. ಉಪ್ಪಾಗೆ ಗುಂಪಿನವರು ಸರಾಸರಿ 3.2 ಕೆ.ಜಿ. ಇಳಿದರು, ಖಾಲಿ ಮಾತ್ರೆಯವರು 4.1 ಕೆ.ಜಿ. ಸಂಖ್ಯಾಶಾಸ್ತ್ರದ ಪ್ರಕಾರ ಎರಡರ ನಡುವೆ ಗಣನೀಯ ವ್ಯತ್ಯಾಸವಿಲ್ಲ. ತೂಕ ಇಳಿಸಿದ್ದು ಪಥ್ಯ, ಮಾತ್ರೆ ಅಲ್ಲ. 2011ರಲ್ಲಿ ಅಂಥ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ವ್ಯತ್ಯಾಸ ಸರಾಸರಿ 0.88 ಕೆ.ಜಿ.; ಕಟ್ಟುನಿಟ್ಟಾಗಿ ನಡೆಸಿದ ಪರೀಕ್ಷೆಗಳನ್ನಷ್ಟೇ ಉಳಿಸಿಕೊಂಡರೆ ಅದೂ ಉಳಿಯಲಿಲ್ಲ. ತೂಕದ ಯಂತ್ರದ ಮೇಲೆ ಬೆಳಿಗ್ಗೆಗೂ ಸಂಜೆಗೂ ಇಷ್ಟು ಹೆಚ್ಚುಕಡಿಮೆ ಯಾರಿಗಾದರೂ ಆಗುತ್ತದೆ. ಜಾಹೀರಾತುಗಳು ತೋರಿಸುವುದು ಇಲಿಯ ಫಲಿತಾಂಶವನ್ನು, ಇಲ್ಲವೇ ಪಥ್ಯದ ಜೊತೆ ಮಾತ್ರೆ ನುಂಗಿದವರ ಫೋಟೋಗಳನ್ನು.

ಒಂದು ಭರವಸೆಯ ಸಂಗತಿಯನ್ನೂ ಹೇಳಬೇಕು. 2016ರಲ್ಲಿ ಹ್ಯೂಸ್ಟನ್‌ನ ಸಂಶೋಧಕರು ಎಚ್‌ಸಿಎ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳ ಬೆಳವಣಿಗೆಯನ್ನು ತಡೆಯಬಲ್ಲದು, ಕೆಲವು ಸನ್ನಿವೇಶಗಳಲ್ಲಿ ಕರಗಿಸಲೂಬಲ್ಲದು ಎಂದು ಪ್ರಯೋಗಶಾಲೆಯಲ್ಲಿ ತೋರಿಸಿದರು. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಹಾಗೆಂದು ಕಲ್ಲು ಇರುವವರು ಗುಳಿಗೆ ತರಿಸಿಕೊಳ್ಳಬೇಡಿ. ಗಾಜಿನ ಪಾತ್ರೆಯಲ್ಲಿ ಹರಳು ಕರಗುವುದಕ್ಕೂ ರೋಗಿಯ ಹೊಟ್ಟೆಯಲ್ಲಿರುವ ಕಲ್ಲು ಕರಗುವುದಕ್ಕೂ ನಡುವೆ ದಾಟಬೇಕಾದ ಹಂತಗಳು ಬಹಳ.

ಲಿವರ್ ವಿಷಯ

ಮಾತ್ರೆಯಿಂದ ಉಪಯೋಗವಿಲ್ಲ ಎಂಬುದಷ್ಟೇ ಆಗಿದ್ದರೆ ಹಣ ಹೋಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ಇದು ಕೆಲವರ ಯಕೃತ್ತನ್ನು ಗಂಭೀರವಾಗಿ ಕೆಡಿಸಿದೆ. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 'ಹೈಡ್ರಾಕ್ಸಿಕಟ್' ಎಂಬ ತೂಕ ಇಳಿಸುವ ಉತ್ಪನ್ನ ಬಳಸಬೇಡಿ ಎಂದು ಎಚ್ಚರಿಸಿತು. 23 ಜನರಲ್ಲಿ ಯಕೃತ್ತಿನ ತೊಂದರೆ ವರದಿಯಾಗಿತ್ತು, ಒಂದು ಸಾವೂ ಆಗಿತ್ತು. ಅದರಲ್ಲಿ ಅನೇಕ ಪದಾರ್ಥಗಳಿದ್ದುದರಿಂದ ತಪ್ಪು ಯಾವುದರದ್ದು ಎಂದು ಆಗ ಬೆರಳಿಟ್ಟು ಹೇಳಲು ಆಗಲಿಲ್ಲ. ಆಮೇಲೆ ಗಾರ್ಸಿನಿಯ ಒಂದನ್ನೇ ನುಂಗಿದವರಲ್ಲೂ ಅದೇ ರೀತಿಯ ಹಾನಿ ಕಾಣಿಸಿತು. ಔಷಧಗಳಿಂದ ಆಗುವ ಯಕೃತ್ ಹಾನಿಯನ್ನು ದಾಖಲಿಸುವ ಅಮೆರಿಕದ ವೈದ್ಯರ ಜಾಲ 2022ರಲ್ಲಿ ಗಾರ್ಸಿನಿಯ ನುಂಗಿದವರ 22 ಪ್ರಕರಣಗಳನ್ನು ವಿವರಿಸಿತು; ಹೆಚ್ಚಿನವರು ಅದರ ಜೊತೆ ಹಸಿರು ಚಹಾದ ಸಾರವನ್ನೂ ನುಂಗಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದೇ ಬಗೆಯ ರೋಗನಿರೋಧಕ ಜೀನ್ ಇತ್ತು. ಅಂದರೆ ಎಲ್ಲರಿಗೂ ಆಗುವ ವಿಷ ಇದಲ್ಲ. ಹುಟ್ಟಿನಿಂದ ಆ ಜೀನ್ ಇರುವ ಕೆಲವರ ದೇಹ ಇದನ್ನು ಶತ್ರು ಎಂದು ಭಾವಿಸಿ ತನ್ನದೇ ಯಕೃತ್ತಿನ ಮೇಲೆ ಬೀಳುತ್ತದೆ ಎಂಬುದು ಊಹೆ. ನಿಮ್ಮಲ್ಲಿ ಅದಿದೆಯೇ ಎಂಬುದು ನುಂಗುವ ಮೊದಲು ನಿಮಗೆ ತಿಳಿದಿರುವುದಿಲ್ಲ. ಪಕ್ಕದ ಮನೆಯವರು ಆರು ತಿಂಗಳು ತೆಗೆದುಕೊಂಡು ಚೆನ್ನಾಗಿದ್ದಾರೆ ಎಂಬುದು ಆದ್ದರಿಂದಲೇ ನಿಮಗೆ ಪುರಾವೆಯಲ್ಲ.

ಹಾನಿ ಶುರುವಾದರೆ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ತಿಳಿಯುತ್ತದೆ. ಕಾರಣವಿಲ್ಲದ ಸುಸ್ತು, ಊಟ ಸೇರದಿರುವುದು, ವಾಕರಿಕೆ, ಬಲಪಕ್ಕೆಯ ಕೆಳಗೆ ನೋವು, ಮೈ ತುರಿಕೆ, ಚಹಾ ಬಣ್ಣದ ಮೂತ್ರ, ಕಣ್ಣು ಹಳದಿ. 'ಕೊಬ್ಬು ಕರಗುತ್ತಿರುವುದರಿಂದ ಸುಸ್ತು' ಎಂದು ಮಾರುವವರು ಸಮಾಧಾನ ಹೇಳುವುದು ಈ ಹಂತದಲ್ಲೇ. ಅದೇ ದಿನ ನಿಲ್ಲಿಸಿ, ಡಬ್ಬಿಯನ್ನೇ ವೈದ್ಯರ ಬಳಿ ಒಯ್ಯಿರಿ, ಯಕೃತ್ತಿನ ಸ್ಥಿತಿ ತಿಳಿಸುವ ಎಲ್‌ಎಫ್‌ಟಿ ರಕ್ತಪರೀಕ್ಷೆ ಮಾಡಿಸಿ. ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಚೇತರಿಸಿದವರು 'ಇನ್ನೊಮ್ಮೆ ನೋಡೋಣ' ಎಂದು ಶುರು ಮಾಡಲೇಬಾರದು. ಎರಡನೇ ಸಲ ಹಾನಿ ಬೇಗ ಬರಬಹುದು, ಜೋರಾಗಿಯೂ ಬರಬಹುದು.

ಇಷ್ಟೆಲ್ಲ ತಿಳಿದೂ ಯಾರಾದರೂ ಮನೆಯಲ್ಲಿ ತಂದಿಟ್ಟಿದ್ದರೆ ಲೇಬಲ್ ಓದುವ ಲೆಕ್ಕ ಗೊತ್ತಿರಲಿ. 'ಗಾರ್ಸಿನಿಯ ಸಾರ 500 ಮಿ.ಗ್ರಾಂ, ಎಚ್‌ಸಿಎ ಶೇ. 60' ಎಂದರೆ ಒಂದು ಗುಳಿಗೆಯಲ್ಲಿ 300 ಮಿ.ಗ್ರಾಂ ಆಮ್ಲ. ಹೊತ್ತಿಗೆ ಎರಡರಂತೆ ಮೂರು ಹೊತ್ತು ನುಂಗಿದರೆ 1800 ಮಿ.ಗ್ರಾಂ, ಅಂದರೆ ನ್ಯೂಯಾರ್ಕ್ ಪರೀಕ್ಷೆಯಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು. ಶೇಕಡಾವಾರು ಬರೆಯದೆ 'ವಿಶೇಷ ಮಿಶ್ರಣ' ಎಂದು ಒಟ್ಟು ತೂಕವನ್ನಷ್ಟೇ ಕೊಟ್ಟಿದ್ದರೆ ಏನು ಎಷ್ಟು ನುಂಗುತ್ತಿದ್ದೀರಿ ಎಂದು ತಿಳಿಯುವ ದಾರಿಯೇ ಇಲ್ಲ. ಹಸಿರು ಚಹಾದ ಸಾಂದ್ರ ಸಾರವೂ ಜೊತೆಗಿದ್ದರೆ ಇನ್ನೂ ಕೆಟ್ಟದ್ದು, ಏಕೆಂದರೆ ಅದು ಸ್ವತಂತ್ರವಾಗಿಯೂ ಯಕೃತ್ತಿಗೆ ಹಾನಿ ಮಾಡಿದ ದಾಖಲೆಗಳಿವೆ. ಡಬ್ಬಿಯ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಆಹಾರ ತಯಾರಿಕೆಯ ಪರವಾನಗಿ. ತೂಕ ಇಳಿಯುತ್ತದೆ ಎಂಬುದಕ್ಕೆ ಸರ್ಕಾರದ ಮೊಹರು ಅದಲ್ಲ.

ಗರ್ಭಿಣಿಯರು, ಹಾಲುಣಿಸುವವರು, ಲಿವರ್ ತೊಂದರೆ ಇರುವವರು, ದಿನವೂ ಮದ್ಯ ಸೇವಿಸುವವರು ಈ ಗುಳಿಗೆಯ ಹತ್ತಿರವೂ ಹೋಗಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್, ಕೊಲೆಸ್ಟರಾಲಿಗೆ ಸ್ಟ್ಯಾಟಿನ್, ಖಿನ್ನತೆಗೆ ಸೆರಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆ ತೆಗೆದುಕೊಳ್ಳುವವರೂ ಅಷ್ಟೇ.

ಅಡುಗೆಗೆ ಎಷ್ಟು

ಈಗ ಒಳ್ಳೆಯ ಭಾಗಕ್ಕೆ ಬರೋಣ. ನಾಲ್ಕು ಜನರ ಸಾರಿಗೆ ಒಣಸಿಪ್ಪೆಯ ಎರಡು ಹೋಳು, ಸುಮಾರು 6ರಿಂದ 8 ಗ್ರಾಂ ಸಾಕು. ಎಂಟು ಗ್ರಾಂನಲ್ಲಿ ಆಮ್ಲ 0.8ರಿಂದ 2.4 ಗ್ರಾಂ. ನಾಲ್ಕು ಜನಕ್ಕೆ ಹಂಚಿದರೆ ಹೆಚ್ಚೆಂದರೆ ತಲಾ 0.6 ಗ್ರಾಂ. ಸಿಪ್ಪೆಯನ್ನು ತಿನ್ನದೆ ಬದಿಗಿಡುವುದರಿಂದ, ಆಮ್ಲ ಪೂರ್ತಿ ನೀರಿಗೆ ಇಳಿಯದಿರುವುದರಿಂದ ನಿಜಕ್ಕೂ ಒಳಗೆ ಹೋಗುವುದು ಇನ್ನೂ ಕಡಿಮೆ. ಅದೂ ಅನ್ನದ ಜೊತೆ, ವಾರಕ್ಕೆ ಎರಡೋ ಮೂರೋ ಬಾರಿ. ಗುಳಿಗೆಯ ಲೆಕ್ಕ ದಿನವೂ, ತಿಂಗಳುಗಟ್ಟಲೆ, ಸಾಂದ್ರ ರೂಪದಲ್ಲಿ. ಎರಡರ ನಡುವಿನ ಅಂತರ ಇದೇ.

ಹಾಗಾದರೆ ಆರೋಗ್ಯಕ್ಕೆ ಏನು ಲಾಭ? ಬಾಯಿ ನೀರೂರುತ್ತದೆ, ಊಟ ಸೇರುತ್ತದೆ, ಹುಳಿ ಇರುವುದರಿಂದ ಉಪ್ಪು ಸ್ವಲ್ಪ ಕಡಿಮೆ ಹಾಕಿದರೂ ಸಪ್ಪೆ ಅನಿಸುವುದಿಲ್ಲ. ರಕ್ತದೊತ್ತಡ ಇರುವ ಮನೆಗಳಲ್ಲಿ ಈ ಕೊನೆಯ ಅಂಶವೇ ದೊಡ್ಡದು ಎಂದು ನನ್ನ ಅಭಿಪ್ರಾಯ. ಹುಳಿಯಿಂದಾಗಿ ಮೀನು ಸಾರು ಬೇಗ ಹಳಸುವುದಿಲ್ಲ. ಅಜೀರ್ಣ, ಹೊಟ್ಟೆ ಉಬ್ಬರಕ್ಕೆ ಸಿಪ್ಪೆಯ ಕಷಾಯ ಕುಡಿಯುವ ರೂಢಿ ಮಲೆನಾಡಿನಲ್ಲಿದೆ. ಊಟವಾದ ಮೇಲೆ ತೆಳ್ಳಗೆ ಒಂದು ಲೋಟ ಕುಡಿದರೆ ತಪ್ಪೇನಿಲ್ಲ. ಎದೆಯುರಿ, ಹುಳಿತೇಗು ಇರುವವರಿಗೆ ಮಾತ್ರ ಇದು ಒಗ್ಗುವುದಿಲ್ಲ, ಉರಿ ಹೆಚ್ಚಾಗುತ್ತದೆ. ಕಷಾಯವನ್ನು ಬಾಯಲ್ಲಿ ಇಟ್ಟುಕೊಂಡು ಮುಕ್ಕಳಿಸುತ್ತ ಕುಡಿಯಬೇಡಿ, ಹಲ್ಲಿನ ಎನಾಮಲ್ ಸವೆಯುತ್ತದೆ. ಕುಡಿದ ಮೇಲೆ ಬರಿ ನೀರಲ್ಲಿ ಬಾಯಿ ತೊಳೆಯಿರಿ, ಅರ್ಧ ಗಂಟೆ ಹಲ್ಲುಜ್ಜಬೇಡಿ.

ಸಾರು ಮಾಡುವ ಕ್ರಮ: ಎರಡು ಹೋಳನ್ನು ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ ಹೊಗೆಯ ಮಸಿ ತೆಗೆಯಿರಿ. ಒಂದು ಲೋಟ ಬಿಸಿನೀರಿನಲ್ಲಿ 20ರಿಂದ 30 ನಿಮಿಷ ನೆನೆಸಿ. ನೆನೆಸಿದ ನೀರು ಚೆಲ್ಲಬೇಡಿ, ಹುಳಿ ಇರುವುದೇ ಅದರಲ್ಲಿ. ಅದಕ್ಕೆ ಇನ್ನೂ ಮೂರು ಲೋಟ ನೀರು, ಒಂದೂವರೆ ಚಮಚ ಉಪ್ಪು, ನಿಂಬೆ ಗಾತ್ರದ ಬೆಲ್ಲ, ಸೀಳಿದ ಎರಡು ಹಸಿಮೆಣಸು ಹಾಕಿ ಎಂಟು-ಹತ್ತು ನಿಮಿಷ ಕುದಿಸಿ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆ. ಒಲೆ ಆರಿಸಿದ ಮೇಲೆ ಹೋಳುಗಳನ್ನು ತೆಗೆದುಬಿಡಿ. ಪಾತ್ರೆಯಲ್ಲೇ ಬಿಟ್ಟರೆ ರಾತ್ರಿ ಹೊತ್ತಿಗೆ ಅದೇ ಸಾರು ಬಾಯಿಗಿಡಲಾರದಷ್ಟು ಹುಳಿಯಾಗುತ್ತದೆ.

ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ. ಮೊದಲನೆಯದು, ಬೇಳೆ ಅಥವಾ ತರಕಾರಿ ಬೇಯುವ ಮೊದಲೇ ಹುಳಿ ಹಾಕುವುದು. ಆಮ್ಲ ಸೇರಿದರೆ ತರಕಾರಿಯ ಪೆಕ್ಟಿನ್ ಬೇಗ ಕರಗುವುದಿಲ್ಲ, ಬೇಳೆ ಎಷ್ಟು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಪೂರ್ತಿ ಬೆಂದ ಮೇಲೆ ಹಾಕಿ. ಎರಡನೆಯದು ಪಾತ್ರೆ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳಲ್ಲಿ ಇದನ್ನು ಕುದಿಸಬಾರದು, ಲೋಹ ಸಾರಿಗೆ ಇಳಿಯುತ್ತದೆ. ಮಣ್ಣಿನ ಮಡಕೆ ಎಲ್ಲಕ್ಕಿಂತ ಒಳ್ಳೆಯದು, ಸ್ಟೀಲ್ ಆದರೂ ಸರಿ. ಕಾಯಿಹಾಲು ಹಾಕುವುದಿದ್ದರೆ ಹುಳಿ ಕುದಿದ ನಂತರ ಹಾಕಿ, ಆಮೇಲೆ ಜೋರಾಗಿ ಕುದಿಸಬೇಡಿ, ಒಡೆಯುತ್ತದೆ.

ಕೊಳ್ಳುವಾಗ ಬಣ್ಣ ಕಡುಕಂದು ಅಥವಾ ಕಪ್ಪು, ಕೈಯಲ್ಲಿ ಬಾಗಿಸಿದರೆ ಚರ್ಮದಂತೆ ಬಾಗಬೇಕು. ಪುಡಿಯಾದರೆ ಅತಿಯಾಗಿ ಸುಟ್ಟದ್ದು, ಬೆರಳಿಗೆ ಅಂಟಿದರೆ ಸರಿಯಾಗಿ ಒಣಗಿಲ್ಲ. ಹದವಾದ ಹೊಗೆ ವಾಸನೆ ಇರಬೇಕು. ಡಾಂಬರಿನಂತೆ ಘಾಟು ಬಂದರೆ ಹಸಿಸೌದೆಯ ಹೊಗೆ ಹೆಚ್ಚಾಗಿ ಕುಡಿದಿದೆ, ಅಡುಗೆ ಕಹಿಯಾಗುತ್ತದೆ, ಹೊಗೆಯ ಕೆಟ್ಟ ಪದಾರ್ಥಗಳೂ ಸಿಪ್ಪೆಗೆ ಹತ್ತಿರುತ್ತವೆ. ಮೇಲ್ಮೈಯಲ್ಲಿ ಬಿಳಿ ಕಂಡರೆ ಬೆರಳಿನಿಂದ ಉಜ್ಜಿ ನೋಡಿ. ಹರಳು ಹರಳಾಗಿದ್ದರೆ ಉಪ್ಪು, ಹತ್ತಿಯಂತೆ ಇದ್ದರೆ ಅಥವಾ ಹಸಿರು ಛಾಯೆ ಇದ್ದರೆ ಬೂಷ್ಟು. ಬೂಷ್ಟು ಹಿಡಿದದ್ದನ್ನು ತೊಳೆದು ಬಳಸಬೇಡಿ, ಎಸೆಯಿರಿ.

ಒಣಗಿಸುವುದೇ ದೊಡ್ಡ ಕೆಲಸ

ಉಪ್ಪಾಗೆಯ ಕಷ್ಟವೆಂದರೆ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಘಟ್ಟದಲ್ಲಿ ಬಿಸಿಲು ಮುಖವೇ ತೋರಿಸದ ತಿಂಗಳುಗಳಲ್ಲಿ. ಹಸಿ ಸಿಪ್ಪೆಯ ತೂಕದಲ್ಲಿ ಸುಮಾರು ಶೇ. 80 ನೀರು, ಹಾಗಾಗಿ ಒಂದು ಕೆ.ಜಿ. ಒಣಸಿಪ್ಪೆಗೆ ಐದಾರು ಕೆ.ಜಿ. ಹಸಿಸಿಪ್ಪೆ ಬೇಕು. ಕೊಯ್ದ ದಿನವೇ ಗೀರುಗಳ ಗುಂಟ ಸೀಳಿ, ಬೀಜ ಮತ್ತು ತಿರುಳು ಬಿಡಿಸಿ. ರಾಶಿ ಹಾಕಿ ಎರಡು ದಿನ ಬಿಟ್ಟರೆ ಹುದುಗು ಬಂದು ಸಿಪ್ಪೆ ಲೋಳೆಯಾಗುತ್ತದೆ. ಒಲೆಯ ಮೇಲೆ ಬಿದಿರಿನ ತಟ್ಟಿ ಕಟ್ಟಿ, ಸಿಪ್ಪೆಯನ್ನು ಒಂದೇ ಪದರದಲ್ಲಿ ಹರಡಿ, ಒಳಮೈ ಮೇಲೆ ಬರುವಂತೆ ಇಟ್ಟು, ಒಣಸೌದೆಯ ಹದವಾದ ಬೆಂಕಿ ಕೊಡುವುದು ಹಳೆಯ ಪದ್ಧತಿ. ದಿನಕ್ಕೆ ಎರಡು ಬಾರಿಯಾದರೂ ಮಗುಚಬೇಕು.

ವಿದ್ಯುತ್ ಡ್ರೈಯರ್ ಇದ್ದರೆ 60ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿ ಆಡುವಂತೆ ಒಣಗಿಸಿ. ಅವಸರಕ್ಕೆ ಆರಂಭದಲ್ಲೇ ಶಾಖ ಏರಿಸಿದರೆ ಹೊರಮೈ ಗಟ್ಟಿಯಾಗಿ ಒಳಗಿನ ನೀರು ಹೊರಬರಲು ದಾರಿಯಿಲ್ಲದೆ ಕೂರುತ್ತದೆ. ನೋಡಲು ಒಣಗಿದಂತೆ ಕಾಣುವ ಆ ಸಿಪ್ಪೆಯೇ ತಿಂಗಳೊಳಗೆ ಭರಣಿಯಲ್ಲಿ ಬೂಷ್ಟು ಹಿಡಿಯುವುದು. ದಪ್ಪ ಹೋಳೊಂದನ್ನು ನಡುವೆ ಮುರಿದು ಒಳಗೆ ಹಸಿ ಇಲ್ಲ ಎಂದು ಖಚಿತಪಡಿಸಿಕೊಂಡೇ ತೆಗೆಯಿರಿ. ಆರಿದ ಮೇಲೆ ಒಂದು ಕೆ.ಜಿ. ಒಣಸಿಪ್ಪೆಗೆ 150 ಗ್ರಾಂ ಉಪ್ಪು, 50 ಮಿ.ಲೀ. ಕೊಬ್ಬರಿ ಎಣ್ಣೆ ಸವರಿ ಪಿಂಗಾಣಿ ಅಥವಾ ಗಾಜಿನ ಭರಣಿಯಲ್ಲಿ ತುಂಬಿ. ಕೇರಳದ ಈ ಪ್ರಮಾಣ ನಮ್ಮ ಮಳೆಗೂ ಸರಿಹೊಂದುತ್ತದೆ. ಉಪ್ಪು ಹಾಕಿಟ್ಟ ಸಿಪ್ಪೆಯಾದರೆ ಅಡುಗೆಗೆ ಉಪ್ಪು ಹಾಕುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೊಡಗಿನವರು ಒಣಗಿಸುವ ಗೋಜನ್ನೇ ಬಿಟ್ಟು ರಸ ತೆಗೆದು ಕಾಚಂಪುಳಿ ಮಾಡಿದರು. ಮಾಗಿ ಬಿದ್ದ ಹಣ್ಣನ್ನು ಬುಟ್ಟಿಯಲ್ಲಿ ಹಾಕಿಟ್ಟರೆ ಅದು ಕೊಳೆತು ಮೆತ್ತಗಾಗುತ್ತ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಮಡಕೆಯಲ್ಲಿ ಸಣ್ಣ ಉರಿಯಲ್ಲಿ ಕಪ್ಪಾಗಿ, ಪಾಕದಂತೆ ದಪ್ಪವಾಗುವವರೆಗೆ ಕುದಿಸುತ್ತಾರೆ. ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಕೆ.ಜಿ. ಪಂದಿಕರಿಗೆ ಒಂದರಿಂದ ಎರಡು ದೊಡ್ಡ ಚಮಚ, ಮಾಂಸ ಬೆಂದ ಮೇಲೆ ಕೊನೆಯಲ್ಲಿ. ಇದು ಸಾಂದ್ರ ಹುಳಿ, ಆದ್ದರಿಂದ ನೀರಲ್ಲಿ ಬೆರೆಸಿ 'ಆರೋಗ್ಯ ಪಾನೀಯ' ಎಂದು ದಿನವೂ ಕುಡಿಯುವ ಹೊಸ ಅಭ್ಯಾಸ ಬೇಡ.

ಬೀಜವನ್ನು ಎಸೆಯಬಾರದು. ಶಿರಸಿ, ಸಿದ್ದಾಪುರ, ಸಾಗರದ ಕಡೆ ಅದರಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಬೀಜ ತೊಳೆದು ಒಣಗಿಸಿ, ಮೇಲಿನ ಸಿಪ್ಪೆ ಬಿಡಿಸಿ, ಕುಟ್ಟಿ ಪುಡಿ ಮಾಡಿ, ನೀರು ಹಾಕಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಸೌಟಿನಿಂದ ತೆಗೆದು ಇನ್ನೊಂದು ಪಾತ್ರೆಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ. ಸದ್ದು ನಿಲ್ಲುವ ಮೊದಲೇ ಇಳಿಸಿದರೆ ನೀರಿನಂಶ ಉಳಿದು ಕಮಟು ವಾಸನೆ ಬರುತ್ತದೆ. ತಣಿದರೆ ಗಟ್ಟಿಯಾಗುತ್ತದೆ, ಆದ್ದರಿಂದ ಬಿಸಿ ದೋಸೆ, ಬಿಸಿ ಅನ್ನಕ್ಕೇ ಸರಿ. ಇದರಲ್ಲಿ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳ ಕೊಬ್ಬು ಹೆಚ್ಚು. ಒಡೆದ ಹಿಮ್ಮಡಿ, ತುಟಿಗೂ ಹಚ್ಚಬಹುದು.

ಕಾಡಿನ ಮರ, ಮನೆಯ ಮರ

1990ರ ದಶಕದಲ್ಲಿ ವಿದೇಶದ ಗುಳಿಗೆ ಮಾರುಕಟ್ಟೆ ಏರಿದಾಗ ಉಪ್ಪಾಗೆ ಸಿಪ್ಪೆಗೆ ಬೆಲೆ ಬಂತು. ಉತ್ತರ ಕನ್ನಡದಲ್ಲಿ ಅನೇಕ ಬಡ ಕುಟುಂಬಗಳಿಗೆ ಮಳೆಗಾಲದ ಕೈಕಾಸು ಸಿಕ್ಕಿದ್ದು ನಿಜ. ಜೊತೆಗೇ ಯಾರು ಮೊದಲು ಕೊಯ್ಯುತ್ತಾರೆ ಎಂಬ ಪೈಪೋಟಿ ಹುಟ್ಟಿ ಎಳೆಗಾಯಿ ಕೊಯ್ಲು, ಕೊಂಬೆ ಕಡಿಯುವುದು ಶುರುವಾಯಿತು. ಒಣಗಿಸಲು ಸುಟ್ಟ ಸೌದೆ ಬೇರೆ, ಅದೂ ಅದೇ ಕಾಡಿನದು. ಎಳೆಗಾಯಿಯಿಂದ ಕೊಳ್ಳುವವರಿಗೂ ನಷ್ಟ: ಸಿಪ್ಪೆ ತೆಳು, ಬೀಜ ಬಲಿತಿರುವುದಿಲ್ಲ, ತುಪ್ಪಕ್ಕೂ ಸಸಿಗೂ ಬರುವುದಿಲ್ಲ. ತಾನಾಗಿ ಉದುರಿದ ಹಣ್ಣು, ಅಥವಾ ಹಳದಿ ತಿರುಗಿದ ಮೇಲೆ ಕೊಯ್ದದ್ದು ಎಲ್ಲಕ್ಕೂ ಲೇಸು. ಮರದಲ್ಲಿ ಒಂದಿಷ್ಟು ಬಿಟ್ಟು ಬರಬೇಕು, ಮಂಗ ಮತ್ತಿತರ ಪ್ರಾಣಿಗಳು ಅದನ್ನು ತಿಂದು ಬೀಜ ಹರಡುತ್ತವೆ.

ತೋಟದ ಅಂಚಿನಲ್ಲಿ ನೆಡುವವರು ಬೀಜದ ಸಸಿಗಿಂತ ಕಸಿ ಸಸಿ ಕೇಳಿ ತನ್ನಿ. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬೆಳೆಸಿದರೆ ಅರ್ಧದಷ್ಟು ಗಂಡಾಗುವ ಸಂಭವವಿದೆ, ಅದು ತಿಳಿಯುವುದು ಹತ್ತು-ಹನ್ನೆರಡು ವರ್ಷ ಕಾದು ಹೂ ಬಿಟ್ಟ ಮೇಲೆ. ಹೆಣ್ಣು ಮರದಿಂದ ಕಟ್ಟಿದ ಕಸಿ ಮೂರನೇ ವರ್ಷದಿಂದ ಫಲ ತೋರಿಸಲು ಶುರು ಮಾಡುತ್ತದೆ. ಕಸಿಯ ಕಡ್ಡಿ ನೇರ ಚಿಗುರಿನದೇ, ಪಕ್ಕದ ಕೊಂಬೆಯದೇ ಎಂದು ನರ್ಸರಿಯವರನ್ನು ವಿಚಾರಿಸಿ. ಪಕ್ಕದ ಕೊಂಬೆಯದಾದರೆ ಗಿಡ ನೇರ ಏರದೆ ಅಡ್ಡಡ್ಡ ಪೊದೆಯಾಗುತ್ತದೆ. ಕುಳ್ಳಗೆ ಇರುವುದರಿಂದ ಕೊಯ್ಯಲು ಸುಲಭ, ಆದರೆ ಅಡಿಕೆ ಸಾಲಿನ ನಡುವೆ ಜಾಗ ತಿನ್ನುತ್ತದೆ. ಕಸಿಗೆ 4 ಮೀಟರ್, ಬೀಜದ ಸಸಿಗೆ 7 ಮೀಟರ್ ಅಂತರ ಕೊಡಿ. ಮೊದಲ ಎರಡು ಬೇಸಿಗೆ ನೆರಳು ಮತ್ತು ನೀರು ತಪ್ಪಿಸಬೇಡಿ, ಕಸಿ ಗಿಡ ಸಾಯುವುದು ಹೆಚ್ಚಾಗಿ ಮಾರ್ಚ್-ಏಪ್ರಿಲ್‌ನಲ್ಲಿ. ಕಸಿಯ ಗಂಟಿನ ಕೆಳಗೆ ಚಿಗುರು ಬಂದರೆ ಕಂಡ ಕೂಡಲೇ ಚಿವುಟಿ; ಬಿಟ್ಟರೆ ಕಾಡು ಬೇರಿನ ಚಿಗುರೇ ಮೇಲೇರಿ ಕಸಿಯನ್ನು ನುಂಗಿಬಿಡುತ್ತದೆ.